ಅಂಚಿನಲ್ಲಿ ಅಡಗಿಸಿಟ್ಟ ಟಿಪ್ಪಣಿ

ಕೆಲವರಿಗೆ ಜನ್ಮಕ್ಕೊಂದು ಸಲ ಎದೆ ಧಸಕ್ಕೆನ್ನುತ್ತದೆ. ನನಗೆ ವಾರಕ್ಕೆ ಮೂರು ಸಲ, ಅದೂ ಎದುರಿಗೆ ಗಿರಾಕಿಗಳು ಕೂತಿರುವಾಗಲೇ. ಚಾಮರಾಜಪುರಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ವಧು-ವರರ ಮಾಹಿತಿ ಕೇಂದ್ರ ನಡೆಸುತ್ತೇನೆ. ಇಪ್ಪತ್ತೆರಡು ವರ್ಷದಿಂದ ಸಂಬಂಧ ಕೂಡಿಸುವುದೇ ಕೆಲಸ. ಇದಕ್ಕೆಲ್ಲ ಗಟ್ಟಿ ಗುಂಡಿಗೆ ಬೇಕು ಅಂತ ಜನ ಅಂದುಕೊಂಡಿದ್ದಾರೆ. ನಿಜ ಹೇಳುತ್ತೇನೆ, ನಾನು ಹುಟ್ಟಾ ಪುಕ್ಕಲಿ. ಕರೆಗಂಟೆ ಎರಡು ಸಲ ಬಾರಿಸಿದರೆ ಸಾಕು, ನಾನು ಮಾಡಿಸಿದ ಯಾವುದೋ ಮದುವೆ ಮುರಿದು ಬಿತ್ತು, ಬೈಯಲು ಬಂದಿದ್ದಾರೆ ಅಂತಲೇ ಮೊದಲು ಅನ್ನಿಸುವುದು.

ಹೆದರಿಕೆಗೆ ಕಾರಣವೂ ಇದೆ. ನನ್ನ ಹತ್ತಿರ ಒಂದು ಗುಟ್ಟಿದೆ. ಯಾವ ಮನೆಗೆ ಹೋಗಿ ಬಂದರೂ ಅಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟುಕೊಳ್ಳುತ್ತೇನೆ. ಬಯೋಡೇಟಾದಲ್ಲಿ ಎಲ್ಲರೂ ಸೌಮ್ಯ ಸ್ವಭಾವದವರು, ಎಲ್ಲರದೂ ಸುಸಂಸ್ಕೃತ ಮನೆತನ. ನನ್ನ ಟಿಪ್ಪಣಿಯಲ್ಲಿ ಹಾಗಿಲ್ಲ. 'ಹುಡುಗನ ಎತ್ತರ ಐದಡಿ ಎಂಟಂಗುಲ ಅಂತ ಬರೆಸಿದ್ದಾರೆ. ನಮ್ಮ ಬಾಗಿಲಿಗೆ ಗುರುತಿಗೆ ಹೊಡೆದ ಮೊಳೆಯ ಲೆಕ್ಕದಲ್ಲಿ ಐದಡಿ ಐದು.' 'ಕೇಸರಿಬಾತ್ ಹುಡುಗಿಯೇ ಮಾಡಿದ್ದು ಅಂದರು. ಹೋಟೆಲ್ ಪೊಟ್ಟಣದ ದಾರ ಸೋಫಾ ಕೆಳಗೆ ಬಿದ್ದಿತ್ತು.' ಯಾರಿಗೆ ಯಾರು ಅಂತ ನಾನು ತೀರ್ಮಾನಿಸುವುದು ಇದನ್ನು ನೋಡಿಕೊಂಡು. ಜಾತಕ ಆಮೇಲೆ.

ಮೊದಲು ಇದೆಲ್ಲ ಉದ್ದನೆ ನೋಟ್‌ಬುಕ್ಕುಗಳಲ್ಲಿತ್ತು. ಕಣ್ಣು ಮಂಜಾದ ಮೇಲೆ, ಅಕ್ಷರ ದೊಡ್ಡದು ಮಾಡಿಕೊಳ್ಳಬಹುದಲ್ಲ ಅಂತ ಒಂದು ಟ್ಯಾಬ್ ತಗೊಂಡು ಅದರೊಳಗೆ ಸೇರಿಸಿದೆ. ಅದರಲ್ಲಿ ನನ್ನ ಏರ್ಪಾಟು ಬಹಳ ಸೊಗಸಾಗಿತ್ತು. ಪರದೆಯಲ್ಲಿ ಎರಡು ಭಾಗ. ಎಡಕ್ಕೆ ಹುಡುಗಿಯ ಫೋಟೊ, ಜಾತಕ, ಬಲಕ್ಕೆ ಹುಡುಗನದು, ನಡುವೆ ಒಂದು ಗೆರೆ. ಬಂದವರಿಗೆ ಕಾಣುತ್ತಿದ್ದದ್ದು ಇಷ್ಟೇ. ಟಿಪ್ಪಣಿ ಮಾತ್ರ ಪರದೆಯ ಬಲ ಅಂಚಿನಾಚೆ ಅಡಗಿ ಕೂತಿರುತ್ತಿತ್ತು. ಬೇಕಾದಾಗ ಟ್ಯಾಬ್ ಎದೆಗೆ ಅವಚಿಕೊಂಡು ಒಂದು ಬೆರಳಲ್ಲಿ ಎಳೆದರೆ ಹೊರಗೆ, ನೂಕಿದರೆ ಒಳಗೆ. ಐದು ವರ್ಷ ಒಬ್ಬರಿಗೂ ಸುಳಿವು ಸಿಕ್ಕಿರಲಿಲ್ಲ.

ಬೇಡ ಅನ್ನಲು ಬಾರದವರು

ನಮ್ಮ ಯಜಮಾನರು ಯಾರಿಗೂ ಬೇಡ ಅಂದವರಲ್ಲ. ಪೊರಕೆ ಮಾರುವವಳು ಬಂದರೆ ಮೂರು ಪೊರಕೆ ತಗೋತಾರೆ, ಯಾಕೆಂದರೆ ಅವಳು ಮೂರು ಸಲ ಕೇಳಿದಳಂತೆ. ಟ್ಯಾಬ್ ಎರಡು ವಾರದಿಂದ 'ಅಪ್‌ಡೇಟ್ ಮಾಡಲೇ?' ಅಂತ ಕೇಳುತ್ತಿತ್ತು. ನಾನು ದಿನಾ 'ಆಮೇಲೆ' ಒತ್ತುತ್ತಿದ್ದೆ. ಒಂದು ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ ನಾನು ದೋಸೆ ಹುಯ್ಯುತ್ತಿದ್ದಾಗ ಅದು ಇವರನ್ನು ಕೇಳಿತು.

ತಿಂಡಿ ಮುಗಿಸಿ ಬಂದು ನೋಡುತ್ತೇನೆ, ನನ್ನ ಎರಡು ಭಾಗವೂ ಇಲ್ಲ, ನಡುವಿನ ಗೆರೆಯೂ ಇಲ್ಲ. ಹುಡುಗಿಯರ ಫೋಟೊ ಒಂದು ಮೂಲೆಗೆ, ಪಂಚಾಂಗ ಇನ್ನೊಂದು ಮೂಲೆಗೆ, ಒಂದರ ಮೇಲೊಂದು ಹತ್ತಿ ಕೂತಿವೆ. ಪ್ರತಿಯೊಂದರ ನೆತ್ತಿಯ ಮೇಲೂ ಕೆಂಪು, ಹಳದಿ, ಹಸಿರು ಚುಕ್ಕಿ. ಎಲ್ಲಕ್ಕಿಂತ ಮುಂದೆ, ಪರದೆಯ ನಟ್ಟನಡುವೆ, ನನ್ನ ಟಿಪ್ಪಣಿ. ಅಂಚಿನಾಚೆ ನೂಕಿದೆ, ಹೋಗಲಿಲ್ಲ. ಅಲ್ಲಿ ಅಡಗಲು ಜಾಗವೇ ಇರಲಿಲ್ಲ.

"ಏನು ಮಾಡಿದ್ರಿ ಇದಕ್ಕೆ?" ಅಂದೆ.

"ಪಾಪ, ಎಷ್ಟು ದಿನದಿಂದ ಕೇಳ್ತಿತ್ತೋ ಏನೋ. ಹೂಂ ಅಂದೆ."

ನಮ್ಮ ಮಹಡಿ ಮನೆಯಲ್ಲಿ ಹೆಬ್ಬಾಳದ ಕಂಪನಿಯೊಂದಕ್ಕೆ ಹೋಗುವ ಹುಡುಗಿ ಬಾಡಿಗೆಗಿದ್ದಾಳೆ. ಬಸ್ಸಿಗೆ ಓಡುತ್ತಿದ್ದವಳನ್ನು ಮೆಟ್ಟಿಲ ಮೇಲೆ ಅಡ್ಡ ಹಾಕಿದೆ. ಅವಳು ನೋಡಿ ಖುಷಿಪಟ್ಟಳು. "ಚೆನ್ನಾಗಿದೆ ಆಂಟಿ! ಇನ್ಮೇಲೆ ಎಷ್ಟು ವಿಂಡೋ ಬೇಕಾದ್ರೂ ಒಟ್ಟಿಗೆ ತೆಗೀಬಹುದು. ಎಲ್ಲಿ ಬೇಕೋ ಅಲ್ಲಿ ಇಡಬಹುದು."

"ಹಳೇದು ವಾಪಸ್ ಬರಲ್ವಾ?"

"ಅದು ಬರಲ್ಲ. ಆದ್ರೆ ಸೆಟ್ಟಿಂಗ್ಸಲ್ಲಿ ಏನಾದ್ರೂ ಮಾಡಬಹುದು. ಭಾನುವಾರ ಕೂತು ಮಾಡಿಕೊಡ್ತೀನಿ. ಅಲ್ಲೀತನಕ ಹೊಸ ಥರ ಅಭ್ಯಾಸ ಮಾಡ್ಕೊಳ್ಳಿ. ಕೆಂಪು ಒತ್ತಿದ್ರೆ ಮುಚ್ಚುತ್ತೆ. ಆದ್ರೆ ಮತ್ತೆ ತೆಗೆದಾಗ ಎಲ್ಲಿತ್ತೋ ಅಲ್ಲೇ ಇರುತ್ತೆ, ಕಳೆದುಹೋಗಲ್ಲ. ಹೆದರಬೇಡಿ."

ನನ್ನ ಹೆದರಿಕೆಯೇ ಅದು ಕಳೆದುಹೋಗಲ್ಲ ಅನ್ನುವುದು ಅಂತ ಅವಳಿಗೆ ಹೇಗೆ ಹೇಳಲಿ?

ಅವಳು ಭಾನುವಾರ ಅಂದಳು. ನನ್ನ ಗಂಡಾಂತರ ಇದ್ದದ್ದು ಶನಿವಾರ. ನಮ್ಮ ಎದುರು ಮನೆಯ ಹುಡುಗಿಗೂ ಊರಾಚೆ ಹುಣಸೂರು ರಸ್ತೆಯ ಇಲವಾಲದ ಒಬ್ಬ ಹುಡುಗನಿಗೂ ನಾನು ಸಂಬಂಧ ನೋಡಿದ್ದೆ. ಇಬ್ಬರೂ ಎರಡು ಸಲ ಭೇಟಿಯಾಗಿ ಮನಸಾರೆ ಒಪ್ಪಿದ್ದರು. ಶನಿವಾರ ಹುಡುಗಿಯ ತಾಯಿ ಇಲವಾಲಕ್ಕೆ ಮನೆ ನೋಡಲು ಹೋಗಬೇಕು, ಎರಡೂ ಕಡೆಯ ತಾಯಂದಿರು ಮೊದಲ ಸಲ ಮುಖಾಮುಖಿ ಕೂರಬೇಕು, ಅಲ್ಲೇ ಮಾತು ಮುಗಿಯಬೇಕು. ಹುಡುಗಿಯ ತಾಯಿ ನಿವೃತ್ತ ಶಾಲಾ ಶಿಕ್ಷಕಿ, ಬೀದಿಗೆಲ್ಲ ಟೀಚರಮ್ಮ. ಆಕೆಗೆ ಸುಳ್ಳು ಹೇಳಲು ಬರುವುದಿಲ್ಲ. ಹಿಂದೊಮ್ಮೆ ಗಂಡಿನ ಕಡೆಯವರು ಬಂದಾಗ, "ನಿಮ್ಮ ಹುಡುಗನ ಕೂದಲು ಅವನದಲ್ಲ ಅಂತ ಗೊತ್ತಾಯ್ತು, ನಮಗೇನೂ ಅಭ್ಯಂತರವಿಲ್ಲ" ಅಂದುಬಿಟ್ಟರು. ಅವರು ಕಾಫಿ ಲೋಟ ಅರ್ಧಕ್ಕೇ ಇಟ್ಟು ಎದ್ದರು. ಹೀಗೇ ಎರಡು ಸಂಬಂಧ ತಪ್ಪಿದ್ದವು. ಈ ಸಲ ಹುಡುಗಿ ನನ್ನ ಕೈ ಹಿಡಿದುಕೊಂಡು, "ಆಂಟಿ, ಇದೊಂದು ಕೆಡದ ಹಾಗೆ ನೋಡಿಕೊಳ್ಳಿ" ಅಂದಿದ್ದಳು. ನನ್ನ ಟಿಪ್ಪಣಿಯಲ್ಲಿ ಎರಡೂ ತಾಯಂದಿರ ಬಗ್ಗೆ ನಾಲ್ಕಾರು ಸಾಲು ಇತ್ತು. ಅದು ಅವರ ಕಣ್ಣಿಗೆ ಬಿದ್ದರೆ ಮದುವೆಯೂ ಇಲ್ಲ, ಆ ಮಗುವಿನ ಮುಖ ನೋಡುವ ಮುಖವೂ ನನಗಿಲ್ಲ. ಬಾಗಿಲು ತೆಗೆದರೆ ಎದುರಿಗೇ ಅವರ ಬಾಗಿಲು.

"ಹೂಂ ಅಂದಿದ್ದಕ್ಕೆ ಒಂದು ಥ್ಯಾಂಕ್ಸ್ ಅನ್ನೋ ಸೌಜನ್ಯಾನೂ ಅದಕ್ಕಿಲ್ಲ ನೋಡು," ಅಂದರು ನಮ್ಮವರು, ಟ್ಯಾಬ್ ಕಡೆ ಕೈ ತೋರಿಸಿ.

ಇಪ್ಪತ್ತೆಂಟು ಗುಣ

ಬುಧವಾರ ಜೋಯಿಸರು ಬಂದರು. ನನ್ನ ಕೇಂದ್ರದ ಜಾತಕಗಳನ್ನೆಲ್ಲ ನೋಡುವವರು ಅವರೇ. ವಯಸ್ಸು ಎಂಬತ್ತರ ಹತ್ತಿರ. ಪರದೆ ನೋಡಿದರೆ ಕಣ್ಣಲ್ಲಿ ನೀರು ಬರುತ್ತದೆ ಅಂತ ನಾನು ಓದಿ ಹೇಳಬೇಕು, ಅವರು ಕಣ್ಣು ಮುಚ್ಚಿಕೊಂಡು ಬೆರಳೆಣಿಸಿ ಗುಣ ಕೂಡಿಸುತ್ತಾರೆ.

ಟೀಚರಮ್ಮನ ಮಗಳ ಜಾತಕ ತೆರೆದೆ. ಪಕ್ಕದಲ್ಲಿ ಇಲವಾಲದ ಹುಡುಗನದು ತೆರೆಯಲು ಒತ್ತಿದೆ. ಇನ್ನೊಂದು ವಿಂಡೋ ಬಂತು. ನನ್ನ ಗಮನವೆಲ್ಲ ಟಿಪ್ಪಣಿ ಎಲ್ಲಿಂದ ನುಗ್ಗುತ್ತದೋ ಅನ್ನುವುದರ ಮೇಲಿತ್ತು. ಬಂದ ಜಾತಕದ ಮೇಲ್ಭಾಗವನ್ನು ಮೊದಲಿನದು ಮುಚ್ಚಿಕೊಂಡಿತ್ತು, ಹೆಸರು ಕಾಣುತ್ತಿರಲಿಲ್ಲ. ಜರುಗಿಸಲು ಹೋದರೆ ಇನ್ನೇನಾಗುತ್ತದೋ ಅಂತ ಕಾಣಿಸಿದಷ್ಟನ್ನೇ ಓದಿದೆ.

"ಕನ್ಯೆಯ ನಕ್ಷತ್ರ?"

"ರೋಹಿಣಿ, ಎರಡನೇ ಪಾದ."

"ವರನದು?"

"ರೋಹಿಣಿ. ಎರಡನೇ ಪಾದ."

ಜೋಯಿಸರು ಒಂದು ಕಣ್ಣು ತೆರೆದರು. "ಎರಡೂ ರೋಹಿಣಿಯೇ?"

"ಹಾಗೇ ಇದೆ ಜೋಯಿಸರೇ," ಅಂದೆ.

ಅವರು ಬೆರಳೆಣಿಸಿದರು. ಎಣಿಸುತ್ತ ಎಣಿಸುತ್ತ ಮುಖ ಅರಳಿತು. "ಏನಮ್ಮಾ ಇದು! ಗಣ ಒಂದೇ, ಯೋನಿ ಒಂದೇ, ರಾಶಿ ಒಂದೇ. ಇಂಥ ಜೋಡಿ ನನ್ನ ಸರ್ವೀಸಿನಲ್ಲೇ ಬಂದಿಲ್ಲ. ಇವಳು ಹಸಿವು ಅನ್ನೋ ಹೊತ್ತಿಗೆ ಅವನಿಗೂ ಹಸಿದಿರುತ್ತೆ. ನಾಡಿಯೂ ಒಂದೇ ಆಗಿಬಿಟ್ಟಿದೆ, ಅಲ್ಲೊಂದು ತೊಡಕು. ಆದ್ರೂ ಮೂವತ್ತಾರಕ್ಕೆ ಇಪ್ಪತ್ತೆಂಟು ಗುಣ ಬಂತು. ಧಾರಾಳವಾಗಿ ಮಾಡಬಹುದು."

ಕಾಫಿ ತಂದ ನಮ್ಮವರು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು. "ಎರಡೂ ಎದುರು ಮನೆ ಹುಡುಗಿದೇ ಕಣೇ," ಅಂದರು. "ಒಂದೇ ಜಾತಕ ಎರಡು ಸಲ ತೆಗೆದಿದೀಯ."

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಆ ಹುಡುಗಿಗೆ ಆ ಹುಡುಗಿಯನ್ನೇ ಕೊಟ್ಟು ಮದುವೆ ನಿಶ್ಚಯ ಮಾಡಿ, ದೋಷವನ್ನೂ ಹುಡುಕಿ ಆಗಿತ್ತು. ಜೋಯಿಸರು ಬೈಯುತ್ತಾರೆ ಅಂತ ಮುದುಡಿ ಕೂತೆ. ಅವರು ಮಾತ್ರ ಕಾಫಿ ಆರಿಸುತ್ತ, ಹುಡುಗನ ಜಾತಕ ತೆಗಿ ಅನ್ನುವ ಮುಂಚೆ, ಬಹಳ ಸಮಾಧಾನದಿಂದ ಹೇಳಿದರು:

"ಪರವಾಗಿಲ್ಲಮ್ಮ, ಒಳ್ಳೇ ಹುಡುಗಿ. ಬಹಳ ಜನಕ್ಕೆ ತಮ್ಮ ಜೊತೆ ತಮಗೇ ಇಷ್ಟು ಹೊಂದಾಣಿಕೆ ಆಗೋದಿಲ್ಲ."

ಹಿಂದೆ ಸರಿದವರು ಹೋದವರಲ್ಲ

ಹುಡುಗನ ಜೊತೆ ಗುಣಗಳೂ ಚೆನ್ನಾಗಿಯೇ ಕೂಡಿಬಂದವು. ಅದನ್ನು ತಿಳಿಸೋಣ ಅಂತ ಗುರುವಾರ ಮಧ್ಯಾಹ್ನ ಇಲವಾಲಕ್ಕೆ ವಿಡಿಯೊ ಕಾಲ್ ಮಾಡಿದೆ. ಹುಡುಗನ ತಾಯಿ ಬಗ್ಗೆ ಒಂದು ಮಾತು ಹೇಳಬೇಕು. ಆಕೆ ಮಾತಾಡಿದರೆ ಹಿತ್ತಲಿನ ಹಸು ಕೂಡ ತಲೆ ಎತ್ತುತ್ತದೆ. ಆಕೆಯ ಯಜಮಾನರು ಪಕ್ಕದಲ್ಲಿ ಕೂತಿರುತ್ತಾರೆ, ತಲೆಯಾಡಿಸುತ್ತಾರೆ, ಅಷ್ಟೇ. ಮೂರು ತಿಂಗಳಲ್ಲಿ ಅವರ ದನಿ ನಾನು ಕೇಳಿರಲಿಲ್ಲ.

"ಜಾತ್ಕ ಎರಡೂನೂ ಅಕ್ಕಪಕ್ಕ ಇಟ್ಟು ನನ್ ಕಣ್ಣಾರ ತೋರುಸ್ಬೇಕು ಕಣವ್ವ," ಅಂದರು ಆಕೆ. "ಚೀಟಿ ಮ್ಯಾಲೆ ಬರ್ಕೊಂಡ್ ಬಂದ್ರೆ ನಾನ್ ನಂಬಕ್ಕಿಲ್ಲ. ನಮ್ ನಾದ್ನಿಗೆ ನಿಮ್ ಟ್ಯಾಬಲ್ಲೇ ತೋರ್ಸಿದ್ರಂತೆ. ನಂಗೂ ಅಂಗೇ ತೋರ್ಸಿ."

ಟ್ಯಾಬ್ ತರದೆ ತಪ್ಪಿಸಿಕೊಳ್ಳುವ ನನ್ನ ಒಂದೇ ಒಂದು ಉಪಾಯ ಅಲ್ಲಿಗೆ ಮುಗಿಯಿತು. ಆಗಲಿ ಅಂದೆ. ಆಕೆ, "ತಡೀರಿ, ಆಲು ಉಕ್ತಾ ಅದೆ" ಅಂತ ಎದ್ದು ಒಳಗೆ ಹೋದರು. ನಾನು ಏನು ಮುಟ್ಟಿದೆನೋ, ಅವರ ಮನೆಯ ಹಜಾರ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಪಂಚಾಂಗದ ಹಿಂದೆ ಸರಿದು ಕಾಣದಾಯಿತು. ಕಾಲ್ ಕಟ್ಟಾಯಿತು, ಸದ್ಯ ಅಂತ ಉಸಿರು ಬಿಟ್ಟೆ.

"ರೀ," ಅಂದೆ ನಮ್ಮವರಿಗೆ, "ಆ ಮನುಷ್ಯ ಆ ಮನೇಲಿ ಹೇಗೆ ಬಾಳಿದಾರೋ ಕಾಣೆ. ಏನಿಲ್ಲಾಂದ್ರೂ ಇಪ್ಪತ್ತೆಂಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡು ಕೂತಿದಾರೆ, ಪಾಪ."

ಪಂಚಾಂಗದ ಹಿಂದಿನಿಂದ ಒಂದು ಗಂಡು ದನಿ, ಬಹಳ ಮೆಲ್ಲಗೆ, ಹೇಳಿತು:

"ಮೂವತ್ತೊಂದ್ ವರ್ಷ ಕಣವ್ವ."

ಗೋತ್ರ ಯಾವುದು?

ಆ ದನಿ ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ. ಪುಣ್ಯಕ್ಕೆ ಆಕೆ ಹಾಲಿನ ಹತ್ತಿರ ಇದ್ದರು, ಕೇಳಿಸಿಕೊಂಡಿರಲಿಲ್ಲ. ಆದರೆ ಆಕೆಯ ಯಜಮಾನರು ಹೇಳಿಬಿಟ್ಟರೆ? ಅವರು ಮಾತಾಡುವವರಲ್ಲ ಅನ್ನುವುದೊಂದೇ ಧೈರ್ಯ.

ಶುಕ್ರವಾರ ಬೆಳಿಗ್ಗೆ ನಮ್ಮವರನ್ನೇ ಇಲವಾಲದ ತಾಯಿ ಅಂತ ಕೂರಿಸಿ ಅಭ್ಯಾಸ ಮಾಡಿದೆ. ಎಡಕ್ಕೆ ಹುಡುಗಿ, ಬಲಕ್ಕೆ ಹುಡುಗ, ಟಿಪ್ಪಣಿಗೆ ಕೆಂಪು ಚುಕ್ಕಿ. ಹತ್ತು ಸಲದಲ್ಲಿ ಆರು ಸಲ ಟಿಪ್ಪಣಿಯೇ ಎದುರಿಗೆ ಬಂತು. ಪ್ರತಿ ಸಲವೂ ಇವರು ಅದನ್ನು ನೋಡಿ, "ಪರವಾಗಿಲ್ಲ ಬಿಡಿ" ಅನ್ನುವುದು.

"ಆಕೆ ಹಾಗನ್ನಲ್ಲ ರೀ! ಎದ್ದು ಕೂಗಾಡ್ತಾರೆ. ಸ್ವಲ್ಪ ಬೈಯಿರಿ ನನಗೆ."

ಇವರು ಬಹಳ ಹೊತ್ತು ಯೋಚಿಸಿ, "ಏನಮ್ಮಾ, ಹೀಗಾ ಬರೆಯೋದು?" ಅಂದು, ತಕ್ಷಣ, "ಬೇಜಾರಾಯ್ತಾ?" ಅಂತ ಕೇಳಿದರು.

ಇವರನ್ನು ನಂಬಿದರೆ ಆಗುವುದಲ್ಲ ಅಂತ ಟ್ಯಾಬನ್ನು ಸೆರಗಿನಲ್ಲಿ ಸುತ್ತಿಕೊಂಡು ಬೀದಿ ಕೊನೆಯ ಗಣಪತಿ ಗುಡಿಗೆ ಹೋದೆ. ಇವರೂ ಹಿಂದೆ ಬಂದರು. ಅರ್ಚಕರ ಮುಂದೆ ಟ್ಯಾಬ್ ಇಟ್ಟು, "ಇದಕ್ಕೊಂದು ಅರ್ಚನೆ ಮಾಡಿಕೊಡಿ" ಅಂದೆ. ಆಯುಧಪೂಜೆಯಲ್ಲಿ ಗ್ರೈಂಡರಿಗೂ ಕುಂಕುಮ ಇಟ್ಟ ಅರ್ಚಕರು, ಅವರೇನೂ ಬೆಚ್ಚಲಿಲ್ಲ. ಆದರೆ ಅವರಿಗೂ ಒಂದು ಕ್ರಮ ಅಂತ ಇದೆಯಲ್ಲ.

"ಯಾರ ಹೆಸರಲ್ಲಮ್ಮಾ?"

"ಇದರ ಹೆಸರಲ್ಲೇ. ಗ್ರಹಚಾರ ಇದಕ್ಕೇ ಬಂದಿರೋದು."

"ಗೋತ್ರ?"

ನಾನು ಇವರ ಮುಖ ನೋಡಿದೆ. ಇವರು ನಮ್ಮ ಗೋತ್ರವನ್ನೇ ಹೇಳಿದರು. ಐದು ವರ್ಷದಿಂದ ಮನೆಯಲ್ಲೇ ಇದೆ, ತಪ್ಪೇನು?

"ನಕ್ಷತ್ರ?"

ನಮ್ಮವರು ಕೈಮುಗಿದು ವಿನಯವಾಗಿ ಹೇಳಿದರು: "ಅಪ್‌ಡೇಟ್ ಆಗಿದ್ದು ಮೊನ್ನೆ ಮಂಗಳವಾರ ಬೆಳಿಗ್ಗೆ ಎಂಟಕ್ಕೆ. ತಾವೇ ಲೆಕ್ಕ ಹಾಕ್ಕೊಳ್ಳಿ."

ಇಲವಾಲ

ಶನಿವಾರ ಹತ್ತು ಗಂಟೆಗೆ ಟೀಚರಮ್ಮ, ನಾನು, ನಮ್ಮವರು ಮೂವರೂ ಒಂದೇ ಆಟೋದಲ್ಲಿ ಹೊರಟೆವು. ಹುಡುಗಿ ಬಾಗಿಲಲ್ಲಿ ನಿಂತು ಕೈ ಬೀಸಿದಳು. ತಾಯಿಗೆ, "ಅಮ್ಮಾ, ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು" ಅಂತ ಕೂಗಿ ಹೇಳಿದಳು. ಟೀಚರಮ್ಮ ನಕ್ಕರು. ನನಗೆ ನಗು ಬರಲಿಲ್ಲ.

ಮನೆ ಬಿಡುವ ಮುಂಚೆ ಟಿಪ್ಪಣಿಗೆ ಕೆಂಪು ಚುಕ್ಕಿ ಒತ್ತಿದ್ದೆ. ಮುಚ್ಚಿತ್ತು. ಮೂರು ಸಲ ನೋಡಿಕೊಂಡಿದ್ದೆ. ಹುಣಸೂರು ರಸ್ತೆಗೆ ಬಂದ ಮೇಲೆ, ನಿಜವಾಗಿ ಮುಚ್ಚಿದೆನಾ ಅನ್ನುವ ಅನುಮಾನ ಹತ್ತಿತು. ಸಹಿಸಿಕೊಂಡು ಕೂತೆ. ಇಲವಾಲದ ತಿರುವು ಬಂದಾಗ ತಡೆಯಲಾಗಲಿಲ್ಲ. ಮುಚ್ಚಿದೆಯೋ ಇಲ್ಲವೋ ನೋಡೇಬಿಡೋಣ ಅಂತ ಟಿಪ್ಪಣಿಯನ್ನು ತೆರೆದು ನೋಡಿದೆ. ಅಷ್ಟರಲ್ಲಿ ಆಟೋ ನಿಂತಿತು, ಹುಡುಗನ ತಾಯಿ ಗೇಟಿನಲ್ಲೇ ನಿಂತು, "ಬನ್ರವ್ವ, ಬನ್ನಿ" ಅಂತ ಕರೆದರು. ಟ್ಯಾಬನ್ನು ಹಾಗೇ ಚೀಲಕ್ಕೆ ತುರುಕಿದೆ. ಹೆದರಿಕೆಯಿಂದ ಕೆಟ್ಟವರು ಲೋಕದಲ್ಲಿ ಬಹಳ ಜನ ಇರಬಹುದು, ಆದರೆ ಮುಚ್ಚಿದ್ದನ್ನು ಮುಚ್ಚಿದೆಯೇ ಅಂತ ತೆರೆದು ಕೆಟ್ಟವಳು ನಾನೊಬ್ಬಳೇ.

ಹಜಾರದಲ್ಲಿ ಚಾಪೆ ಹಾಸಿದ್ದರು. ಬಿಸಿ ಅಕ್ಕಿರೊಟ್ಟಿಯ ಪರಿಮಳ ಬರುತ್ತಿತ್ತು. ಇಬ್ಬರು ತಾಯಂದಿರೂ ಅಕ್ಕಪಕ್ಕ ಕೂತರು. ಹುಡುಗನ ತಂದೆ ಕಂಬಕ್ಕೊರಗಿ ಕೂತು ನನ್ನನ್ನೇ ನೋಡುತ್ತಿದ್ದರು. ಆ ನೋಟಕ್ಕೆ ನಾನು ತಲೆ ತಗ್ಗಿಸಿದೆ.

"ತೋರ್ಸವ್ವ ಜಾತ್ಕವ," ಅಂದರು ಆಕೆ.

ಚೀಲದಿಂದ ಟ್ಯಾಬ್ ತೆಗೆದು ಅವರಿಬ್ಬರ ನಡುವಿನ ಮಣೆಯ ಮೇಲಿಟ್ಟೆ. ಹುಡುಗಿಯ ಜಾತಕ ಬಂತು, ಎಡಕ್ಕೆ. ಹುಡುಗನದು ಬಂತು, ಬಲಕ್ಕೆ. ಗಣಪತಿ ಕಾಪಾಡಿದ ಅಂದುಕೊಂಡೆ. ಹುಡುಗನದು ಕೊಂಚ ಕೆಳಗೆ ಸರಿದಿತ್ತು. ಮೇಲೆತ್ತೋಣ ಅಂತ ಕೆಳ ಅಂಚಿನಲ್ಲಿ ಬೆರಳಿಟ್ಟೆ. ಅಷ್ಟೇ. ತೆರೆದದ್ದೆಲ್ಲ ಒಟ್ಟಿಗೆ ಎದ್ದು, ಸಣ್ಣ ಸಣ್ಣದಾಗಿ ಸಾಲಾಗಿ ನಿಂತವು. ಗಾಬರಿಯಲ್ಲಿ ಸಿಕ್ಕಿದ್ದನ್ನು ಒತ್ತಿದೆ. ಪರದೆಯ ತುಂಬ, ನನ್ನ ಮಂಜುಗಣ್ಣಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ, ಟಿಪ್ಪಣಿ ಬಂದು ಕೂತಿತು.

ಕೆಂಪು ಚುಕ್ಕಿ ಎಲ್ಲಿದೆ ಅಂತ ಹುಡುಕಿದರೆ ಬೆರಳು ಬೇರೆಲ್ಲೋ ಬೀಳುತ್ತಿತ್ತು. "ಇದಲ್ಲ, ಇದು ಬೇರೆ" ಅಂತ ಟ್ಯಾಬ್ ಎತ್ತಿಕೊಳ್ಳಲು ಹೋದೆ. ಆಕೆ ನನ್ನ ಕೈ ಸರಿಸಿದರು.

"ಇರ್ಲಿ ಬುಡಿ, 'ಇಲವಾಲ' ಅಂತ ಕಾಣ್ತದೆ, ನಮ್ದೇ ಇರ್ಬೇಕು. ಮಿಕ್ಕಿದ್ದು ಓದಕ್ಕೆ ಕನ್ನಡಕ ಒಳಗದೆ. ಟೀಚರಮ್ಮ, ನೀವೇ ವಸಿ ಓದಿ."

ಟೀಚರಮ್ಮ ನನ್ನ ಮುಖ ನೋಡಿದರು. ನಾನು ಕಣ್ಣಲ್ಲೇ ಬೇಡ ಬೇಡ ಅಂದೆ. ಆದರೆ ಮೂವತ್ತು ವರ್ಷ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿದ ಗಂಟಲು ಅದು. ಓದು ಅಂದ ಮೇಲೆ ಓದದೆ ಇರಲು, ಇದ್ದದ್ದನ್ನು ಬಿಟ್ಟು ಇನ್ನೇನೋ ಓದಲು ಅವರಿಗೆ ಆಗುವುದಿಲ್ಲ.

"'ಇಲವಾಲದ ತಾಯಿ,'" ಅಂತ ಶುರು ಮಾಡಿದರು, ಒಂದೊಂದು ಅಕ್ಷರವೂ ಹಿಂದಿನ ಬೆಂಚಿಗೆ ಕೇಳುವ ಹಾಗೆ. "'ಬಾಯಿ ಬಹಳ ಜೋರು. ಮನೆಯಲ್ಲಿ ಇವರದೇ ಕಾನೂನು. ಯಜಮಾನರಿಗೆ ಮಾತಾಡುವ ಅವಕಾಶ ಕಡಿಮೆ. ಸಿಟ್ಟು ಬಂದರೆ ಪಾತ್ರೆಗಳ ಸದ್ದಾಗುತ್ತದೆ. ಕೈ ಧಾರಾಳ. ಹುಚ್ಚೆಳ್ಳು ಚಟ್ನಿಗೆ ಉಪ್ಪು ಜಾಸ್ತಿ.'"

ಆಕೆ ಎದ್ದರು. ಬೈಯುವುದಕ್ಕೆ ಅಂದುಕೊಂಡೆ. ಅಲ್ಲ, ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದು ಕೂತರು. ಬೆರಳಿಟ್ಟುಕೊಂಡು ಕೆಳಗಿನದನ್ನು ತಾವೇ ಓದಿದರು.

"'ಎದುರು ಮನೆ ಟೀಚರಮ್ಮ. ರಿಟೈರ್ ಆಗಿದ್ದು ಶಾಲೆಯಿಂದ ಮಾತ್ರ. ಕಂಡವರ ತಪ್ಪನ್ನೆಲ್ಲ ತಿದ್ದುತ್ತಾರೆ. ಸುಳ್ಳು ಹೇಳಲು ಬರುವುದೇ ಇಲ್ಲ, ಇದರಿಂದಲೇ ಎರಡು ಸಂಬಂಧ ತಪ್ಪಿದೆ. ಮಗಳು ಬಂಗಾರ. ಇಲವಾಲದ ಹುಡುಗನೂ ಬಂಗಾರ. ತಾಯಂದಿರು ಕೆಡಿಸದಿದ್ದರೆ ಈ ಮದುವೆ ಆಗಬೇಕು.'"

ನಮ್ಮವರು ನನ್ನ ಪಕ್ಕಕ್ಕೆ ಸರಿದು ಕೂತರು. ಅಷ್ಟು ಹೆದರಿಕೆಯಲ್ಲೂ ಅದು ನನಗೆ ಹಿತವಾಯಿತು. ಆ ಹುಡುಗಿಗೆ ಸಂಜೆ ಏನು ಹೇಳಲಿ ಅಂತ ನಾನು ಆಗಲೇ 'ತಪ್ಪಾಯಿತು' ಅನ್ನುವುದನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಕಣ್ಣಲ್ಲಿ ನೀರು ಬಂದಿತ್ತು.

ಆಕೆ ಕನ್ನಡಕ ತೆಗೆದರು.

"ಬಾಯಿ ಜೋರು ಅಂದ್ರಿ. ಅದು ನಂಗೂ ಗೊತ್ತು, ಊರ್ಗೂ ಗೊತ್ತು. ಬುಡಿ. ಮನೇಲಿ ನಂದೇ ಕಾನೂನು ಅಂದ್ರಿ. ಇನ್ಯಾರ್ದಿರ್ಬೇಕಿತ್ತು? ಅದೂ ಬುಡಿ." ಇಷ್ಟು ಹೇಳಿ ದನಿ ಏರಿಸಿದರು. ಹಿತ್ತಲಿನಲ್ಲಿ ಹಸು ಅಂಬಾ ಅಂದಿತು. "ನನ್ ಚಟ್ನಿಗೆ ಉಪ್ಪು ಜಾಸ್ತಿ ಅಂತ ಎಂಗ್ರವ್ವ ಬರುದ್ರಿ? ನಮ್ಮತ್ತೆ ಕೈಲಿ ಕಲ್ತಿದ್ದು ಅದು! ಇವತ್ತೂ ಮಾಡಿವ್ನಿ. ಟೀಚರಮ್ಮ ತಿಂದು ಏಳ್ಲಿ. ಅವ್ರು ಏಳಿದ್ರೆ ನಾನ್ ಒಪ್ತೀನಿ. ಅವ್ರಿಗೇ ಸುಳ್ಳು ಬರಕ್ಕಿಲ್ವಲ್ಲ!"

ತಟ್ಟೆ ಬಂತು. ಅಕ್ಕಿರೊಟ್ಟಿ, ಪಕ್ಕದಲ್ಲಿ ಕಪ್ಪಗೆ ಹೊಳೆಯುವ ಹುಚ್ಚೆಳ್ಳು ಚಟ್ನಿ. ಟೀಚರಮ್ಮ ರೊಟ್ಟಿ ಮುರಿದರು. ನಾನು ಆ ಚಟ್ನಿ ತಿಂದವಳು. ಮನೆಗೆ ಬಂದು ರಾತ್ರಿ ಮಲಗುವವರೆಗೂ ನೀರು ಕುಡಿದವಳು. ಇನ್ನು ಒಂದು ತುತ್ತಿನಲ್ಲಿ ಎಲ್ಲ ಮುಗಿಯುತ್ತದೆ ಅಂದುಕೊಂಡೆ. ಸುಳ್ಳು ಬಾರದ ಹೆಂಗಸು, ಉಪ್ಪಿನ ಚಟ್ನಿ, ಬಾಗಿಲಲ್ಲಿ ಕೈ ಬೀಸಿದ ಆ ಮಗು.

ಟೀಚರಮ್ಮ ಅಗಿದರು. ಒಂದು ಕ್ಷಣ ಅವರ ಮುಖದ ನರಗಳೆಲ್ಲ ಬಿಗಿದವು. ನುಂಗಿದರು. ಆಮೇಲೆ ತರಗತಿಯಲ್ಲಿ ಅಂಕ ಓದುವ ದನಿಯಲ್ಲಿ ಹೇಳಿದರು:

"ಉಪ್ಪು ಸರಿಯಾಗಿದೆ."

"ನೋಡುದ್ರಾ?" ಆಕೆ ತೊಡೆ ತಟ್ಟಿಕೊಂಡು ನನ್ನ ಕಡೆ ತಿರುಗಿದರು. "ಸುಳ್ಳು ಏಳಕ್ಕೆ ಬರಕ್ಕಿಲ್ಲ ಅಂತ ನೀವೇ ಬರ್ದಿದ್ದೀರಿ! ಅಳ್ಸಿ ಆ ಉಪ್ಪಿನ್ ಮಾತ್ನ, ಈಗ್ಲೇ, ನನ್ ಕಣ್ ಮುಂದೇನೇ! ಆಮೇಲೆ ತಾಂಬೂಲದ ದಿನ ನೋಡನ."

ಹುಡುಗನ ತಂದೆ ಆಗಲೇ ಎದ್ದು ಒಳಗಿಂದ ಒಂದು ಚೊಂಬು ನೀರು ತಂದು, ಏನೂ ಮಾತಾಡದೆ, ಟೀಚರಮ್ಮನ ಪಕ್ಕದಲ್ಲಿಟ್ಟಿದ್ದರು. ಮೂವತ್ತೊಂದು ವರ್ಷದ ಅಭ್ಯಾಸ. ಟೀಚರಮ್ಮ ಚೊಂಬು ಎತ್ತಿದವರು ಇಳಿಸಿದ್ದು ಖಾಲಿಯಾದ ಮೇಲೆ.

ನಾನು ಚಟ್ನಿಯ ಸಾಲು ಅಳಿಸಿದೆ.

ವಾಪಸ್ ಬರುವಾಗ ಆಟೋದಲ್ಲಿ ಟೀಚರಮ್ಮ ನಮ್ಮ ಬಾಟಲಿಯ ನೀರನ್ನೂ ಮುಗಿಸಿದರು. ನನಗೆ ಜೀವ ಬಂದಿತ್ತು. ಅಪ್‌ಡೇಟ್ ಆದ ಮೇಲೆ ಮೊದಲ ಸಲ ಆ ಟ್ಯಾಬನ್ನು ಹೆದರದೆ ತೆರೆದೆ. ಟಿಪ್ಪಣಿ ಒಂದೇ ಏಟಿಗೆ ಎದುರಿಗೆ ಬಂತು. 'ಸುಳ್ಳು ಹೇಳಲು ಬರುವುದೇ ಇಲ್ಲ' ಅನ್ನುವ ಸಾಲು ಇನ್ನು ಸರಿಯಲ್ಲವಲ್ಲ, ಕಂಡದ್ದನ್ನು ಕಂಡ ಹಾಗೆ ಬರೆಯುವುದು ನನ್ನ ನೇಮ. ಅದನ್ನೂ ಅಳಿಸೋಣ ಅಂತ ಬೆರಳಿಟ್ಟೆ.

ಟೀಚರಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಅದನ್ನ ಹಾಗೇ ಬಿಡಿ ಕಣ್ರೀ," ಅಂದರು. "ಬೀಗರ ಮನೆ. ಆ ಚಟ್ನಿ ನಾನಿನ್ನೂ ಎಷ್ಟು ವರ್ಷ ತಿಂದು ಹೊಗಳಬೇಕೋ ಏನೋ."